ಮೊದಲು ಗಾಳಿ ಇಳಿಸಿ, ಆಮೇಲೆ ಸಾಲದ ಮಾತು

ಆಫ್‌ರೋಡ್ ಗಾಡಿಯ ಮಾರ್ಪಾಡಿಗೆ ದುಡ್ಡು ಹೊಂದಿಸುವುದರ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಿಡಿಭಾಗಗಳ ಬೆಲೆ ಗಾಡಿಯಿಂದ ಗಾಡಿಗೆ ಬೇರೆಯಾದ್ದರಿಂದ ಲೆಕ್ಕವನ್ನೆಲ್ಲ 1,00,000ದ ಮೇಲೆ ಹಾಕಿದ್ದೇವೆ. ನಿಮ್ಮ ಮೊತ್ತ ಅದರ ಎರಡರಷ್ಟಿದ್ದರೆ ಬಡ್ಡಿಯೂ ಕಂತೂ ಎರಡರಷ್ಟು.

ಪ್ರಶ್ನೆ: ಗಾಡಿ ಕೊಂಡು ಆರು ತಿಂಗಳಾಯಿತು. ಐದು ದೊಡ್ಡ ಟೈರ್, ಎರಡಿಂಚು ಲಿಫ್ಟ್ (ಗಾಡಿಯ ಮೈಯನ್ನು ಎತ್ತರಿಸುವುದು), ವಿಂಚ್ (ಹಗ್ಗ ಸುತ್ತಿ ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ), ತಳಕ್ಕೆ ಗಾರ್ಡ್, ಹಗ್ಗ, ಶ್ಯಾಕಲ್ (ಹಗ್ಗ ಸಿಕ್ಕಿಸುವ ಕೊಂಡಿ) ಎಲ್ಲವನ್ನೂ ಒಂದೇ ಸಲ ಹಾಕಿಸುವ ಆಸೆ. ಶೇ 15ರ ಬಡ್ಡಿಗೆ ಮೂರು ವರ್ಷದ ವೈಯಕ್ತಿಕ ಸಾಲ ಸಿಗುತ್ತದೆ. ಕೂಡಿಟ್ಟು ಮಾಡಿಸೋಣ ಅಂದರೆ ಅಷ್ಟರಲ್ಲಿ ಹುಮ್ಮಸ್ಸೇ ಇಳಿದುಹೋಗುತ್ತದೆ. ಯಾವುದು ಸರಿ?

ಉತ್ತರ: ಮೊದಲು ಬರೀ ಲೆಕ್ಕ. 1,00,000ಕ್ಕೆ ಶೇ 15ರಂತೆ 36 ತಿಂಗಳಾದರೆ ಕಂತು 3,467. ಕಟ್ಟುವ ಒಟ್ಟು ಮೊತ್ತ ಸುಮಾರು 1,24,800. ಅದೇ 3,467ನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕುತ್ತ ಹೋದರೆ, ಠೇವಣಿ ಬಡ್ಡಿಯನ್ನು ಲೆಕ್ಕಕ್ಕೇ ಹಿಡಿಯದೆ, 29ನೇ ತಿಂಗಳಿಗೆ ಲಕ್ಷ ತುಂಬುತ್ತದೆ. ಸಾಮಾನಿನ ಬೆಲೆ ವರ್ಷಕ್ಕೆ ಶೇ 6ರಂತೆ ಏರುತ್ತಲೇ ಹೋದರೂ 35ನೇ ತಿಂಗಳಿಗೆ ಅಷ್ಟನ್ನೂ ಕೊಳ್ಳಬಹುದು. ಅಂದರೆ ಸಾಲದ ಕೊನೆಯ ಕಂತಿಗಿಂತ ಒಂದು ತಿಂಗಳು ಮುಂಚೆ.

ಆದರೆ 29 ತಿಂಗಳು ಯಾರೂ ಕೈಕಟ್ಟಿ ಕೂರಬೇಕಿಲ್ಲ, ಪಟ್ಟಿಯನ್ನು ಒಡೆದರೆ ಸಾಕು. ನಿಮ್ಮ ಲಕ್ಷದಲ್ಲಿ ಹಗ್ಗ, ಶ್ಯಾಕಲ್, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್‌ಗೆ 8,000, ತಳದ ಗಾರ್ಡ್‌ಗೆ 7,000, ಐದು ಟೈರಿಗೆ 30,000, ವಿಂಚ್‌ಗೆ 25,000, ಲಿಫ್ಟ್ ಅಂದರೆ ಸಸ್ಪೆನ್ಶನ್‌ಗೆ 30,000 ಎಂದಿಟ್ಟುಕೊಳ್ಳಿ. ಇದೇ ಕ್ರಮದಲ್ಲಿ ಹೋದರೆ ಹಗ್ಗ ಮತ್ತು ಕಂಪ್ರೆಸರ್ 3ನೇ ತಿಂಗಳಿಗೆ, ಗಾರ್ಡ್ 5ನೇ ತಿಂಗಳಿಗೆ, ಟೈರ್ 13ನೇ ತಿಂಗಳಿಗೆ, ವಿಂಚ್ 21ನೇ ತಿಂಗಳಿಗೆ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ 29ನೇ ತಿಂಗಳಿಗೆ ಬರುತ್ತವೆ.

ಸಸ್ಪೆನ್ಶನ್ ಕೊನೆಗೇಕೆ ಎಂದು ಕೇಳುತ್ತೀರಿ. ಸಾಲ ಮಾಡಿ ಎಲ್ಲವನ್ನೂ ಒಂದೇ ದಿನ ಹಾಕಿಸುವವರು ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ. ಸ್ಪ್ರಿಂಗ್ ಆರಿಸುವುದು ಗಾಡಿಯ ಮೇಲೆ ಸದಾ ಇರುವ ಭಾರ ನೋಡಿ. ಉಕ್ಕಿನ ಬಂಪರ್, ವಿಂಚ್ ಎರಡೂ ಸೇರಿದರೆ ಮುಂದಿನ ಅಚ್ಚಿನ ಮೇಲೆ 80 ಕೆ.ಜಿ. ಸುಲಭವಾಗಿ ಏರುತ್ತದೆ. ಖಾಲಿ ಗಾಡಿಗೆ ಹೊಂದುವ ಸ್ಪ್ರಿಂಗ್ ಮೊದಲೇ ಹಾಕಿಸಿ ಆಮೇಲೆ ಈ ಭಾರ ಕೂರಿಸಿದರೆ ಮೂತಿ ಕುಸಿಯುತ್ತದೆ, ದುಡ್ಡು ಕೊಟ್ಟು ಕೊಂಡ ಎರಡಿಂಚಿನಲ್ಲಿ ಒಂದಿಂಚು ಹೋಗುತ್ತದೆ. ಮುಂದೆ ಭಾರ ಬರಲಿದೆಯೆಂದು ಗಟ್ಟಿ ಸ್ಪ್ರಿಂಗನ್ನೇ ಹಾಕಿಸಿ, ಆಮೇಲೆ ವಿಂಚ್ ಬೇಡವೆನಿಸಿತೋ, ಸಣ್ಣ ಗುಂಡಿಗೂ ಗಾಡಿ ಜಿಗಿಯುತ್ತದೆ. ಎರಡರಲ್ಲೂ ಸ್ಪ್ರಿಂಗಿಗೆ ಎರಡನೇ ಸಲ ದುಡ್ಡು. ಭಾರ ಕೂರಿಸಿ, ಸಾಮಾನು ತುಂಬಿ, ಮುಂದಿನ ಮತ್ತು ಹಿಂದಿನ ಅಚ್ಚನ್ನು ವೇ ಬ್ರಿಡ್ಜ್ ಮೇಲೆ ಬೇರೆ ಬೇರೆಯಾಗಿ ತೂಗಿಸಿ, ಆ ಎರಡು ಅಂಕಿ ಹಿಡಿದುಕೊಂಡು ಸ್ಪ್ರಿಂಗ್ ಕೇಳಲು ಹೋಗಿ. ತಯಾರಕರು ಗಾಡಿಗೆ ಹಚ್ಚಿದ ತಟ್ಟೆಯಲ್ಲಿ ಬರೆದಿರುವ ಅಚ್ಚಿನ ಗರಿಷ್ಠ ಭಾರವನ್ನು ಆ ಅಂಕಿ ಮೀರುತ್ತಿದ್ದರೆ ಸ್ಪ್ರಿಂಗ್ ಬದಲಿಸಿ ಪ್ರಯೋಜನವಿಲ್ಲ, ಭಾರವನ್ನೇ ಇಳಿಸಬೇಕು.

ಲಿಫ್ಟ್ ಎಂದಾಗ ಅಂಗಡಿಯವರು ಹೇಳುವುದು ಸ್ಪ್ರಿಂಗ್, ಶಾಕ್ ಎರಡರ ಬೆಲೆ. ಅದರ ಹಿಂದೆಯೇ ಬಂಪ್ ಸ್ಟಾಪ್, ಉದ್ದನೆಯ ಬ್ರೇಕ್ ಪೈಪ್, ಗಾಡಿ ಪಕ್ಕಕ್ಕೆ ಸರಿಯದಂತೆ ಹೊಂದಿಸಿಕೊಳ್ಳುವ ಪ್ಯಾನ್‌ಹಾರ್ಡ್ ರಾಡ್ (ಗಟ್ಟಿ ಅಚ್ಚಿನ ಗಾಡಿಯಾದರೆ), ಮೇಲಿನ ಕಂಟ್ರೋಲ್ ಆರ್ಮ್ (ಮುಂದೆ ಸ್ವತಂತ್ರ ಸಸ್ಪೆನ್ಶನ್ ಇದ್ದರೆ), ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ತಗ್ಗಿಸುವುದು, ಒಂದೊಂದಾಗಿ ಸಾಲುಗಟ್ಟಿ ಬರುತ್ತವೆ. ಇದು ಬರುವ ಹೊತ್ತಿಗೆ ಸಾಲದ ಹಣ ಮುಗಿದಿರುತ್ತದೆ, ಉಳಿದದ್ದು ಕ್ರೆಡಿಟ್ ಕಾರ್ಡಿಗೆ ಹೋಗುತ್ತದೆ.

ಇನ್ನು ಹುಮ್ಮಸ್ಸು. ಈ ಶನಿವಾರವೇ ಮಾಡಬಹುದಾದ, ಹೆಚ್ಚು ಕಮ್ಮಿ ಪುಕ್ಕಟೆಯ ಮಾರ್ಪಾಡೊಂದಿದೆ: ಗಾಳಿ ಇಳಿಸುವುದು. ರಸ್ತೆಯಲ್ಲಿ 32 ಪಿಎಸ್‌ಐ ಇರುವ ಟೈರನ್ನು ಕಲ್ಲು, ಮರಳು, ಸಡಿಲ ಮಣ್ಣಿನ ದಾರಿಗೆ 18ರಿಂದ 20ಕ್ಕೆ ಇಳಿಸಿದರೆ ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ರಬ್ಬರು ಕಲ್ಲಿಗೆ ಹೊದ್ದುಕೊಳ್ಳುತ್ತದೆ. 15ಕ್ಕಿಂತ ಕೆಳಗೆ ಹೋದರೆ ಮಾಮೂಲಿ ರಿಮ್ಮಿನಿಂದ ಟೈರಿನ ಅಂಚು ಕಳಚುವ ಭಯ. ಡಾಂಬರಿಗೆ ಹತ್ತುವ ಮೊದಲು ಮತ್ತೆ ತುಂಬಲೇಬೇಕು. ಕಂಪ್ರೆಸರನ್ನು 3ನೇ ತಿಂಗಳಿಗೆ ಇಟ್ಟಿರುವುದು ಅದಕ್ಕೇ, ಅಲ್ಲಿಯವರೆಗೆ ಯಾರದಾದರೂ ಪಂಪ್ ಜೊತೆಗಿರಲಿ. ಒಂದು ವರ್ಷ ಹೀಗೆ ಓಡಿಸಿದ ಮೇಲೆ ನಿಮ್ಮ ಪಟ್ಟಿಯಲ್ಲಿ ಒಂದೆರಡು ಸಾಮಾನು ತಾವಾಗಿಯೇ ಹೊಡೆದುಹೋಗುತ್ತವೆ. ಆ ಉಳಿತಾಯ ಯಾವ ಬಡ್ಡಿ ಲೆಕ್ಕದಲ್ಲೂ ಕಾಣುವುದಿಲ್ಲ.

ಪ್ರಶ್ನೆ: ಬ್ಯಾಂಕಿನವರು ಶೇ 15 ಹೇಳುತ್ತಾರೆ. ಬಿಡಿಭಾಗದ ಅಂಗಡಿಯ ಫೈನಾನ್ಸ್‌ನವರು ಶೇ 12 ಫ್ಲ್ಯಾಟ್ ಅನ್ನುತ್ತಾರೆ. ಮೂರು ಶೇಕಡಾ ಕಡಿಮೆಯಲ್ಲವೇ?

ಉತ್ತರ: ಅಲ್ಲ, ಆರು ಶೇಕಡಾ ಹೆಚ್ಚು. ಫ್ಲ್ಯಾಟ್ ಬಡ್ಡಿಯಲ್ಲಿ ನೀವು ಅಸಲು ತೀರಿಸುತ್ತ ಬಂದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಅಸಲಿನ ಮೇಲೇ ಬೀಳುತ್ತದೆ. 1,00,000ಕ್ಕೆ ಮೂರು ವರ್ಷಕ್ಕೆ 36,000 ಬಡ್ಡಿ, ಕಂತು 3,778. ಉಳಿದ ಬಾಕಿಯ ಮೇಲಷ್ಟೇ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದರೆ ಇದು ವರ್ಷಕ್ಕೆ ಶೇ 21 ದಾಟುತ್ತದೆ. ದರದ ಮಾತು ಬಿಡಿ, ‘ಕಂತು ಎಷ್ಟು, ಎಷ್ಟು ಕಂತು, ಮೊದಲೇ ಕಟ್ಟಬೇಕಾದ ಶುಲ್ಕ ಎಷ್ಟು’ ಎಂದು ಮೂರೇ ಪ್ರಶ್ನೆ ಕೇಳಿ, ಗುಣಿಸಿ ಕೂಡಿ. ಬ್ಯಾಂಕಿನದು 1,24,800, ಇವರದು 1,36,000. ಅವಧಿಗೆ ಮೊದಲೇ ತೀರಿಸಿದರೆ ಉಳಿದ ಬಡ್ಡಿ ಬಿಡುತ್ತಾರೆಯೇ ಎಂಬುದನ್ನೂ ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಆರು ತಿಂಗಳ ‘ಬಡ್ಡಿಯಿಲ್ಲದ ಕಂತು’ ಇದೆಯಂತೆ. ಇದರಲ್ಲೂ ಮೋಸವೇ?

ಉತ್ತರ: ಮೋಸ ಅನ್ನಲಾಗದು, ಬಡ್ಡಿ ಬೆಲೆಯೊಳಗೆ ಕೂತಿರುತ್ತದೆ. ‘ಈಗಲೇ ಪೂರ್ತಿ ಕೊಟ್ಟರೆ ಎಷ್ಟಕ್ಕೆ ಬಿಡುತ್ತೀರಿ’ ಎಂದು ಕೇಳಿ. 100ರ ಸಾಮಾನನ್ನು ನಗದಿಗೆ 92ಕ್ಕೆ ಕೊಟ್ಟರೆ, ನೀವು ವಾಸ್ತವದಲ್ಲಿ 92ರ ಸಾಲ ಪಡೆದು ಆರು ತಿಂಗಳಲ್ಲಿ 100 ತೀರಿಸುತ್ತಿದ್ದೀರಿ. ವರ್ಷದ ಲೆಕ್ಕಕ್ಕೆ ಅದು ಸುಮಾರು ಶೇ 29. ನಗದಿಗೂ ಒಂದು ಕಾಸು ಬಿಡುವುದಿಲ್ಲ, ಪ್ರೊಸೆಸಿಂಗ್ ಶುಲ್ಕವೂ ಇಲ್ಲ ಎಂದಾದರೆ ಮಾತ್ರ ಧಾರಾಳವಾಗಿ ಕಂತಿನಲ್ಲೇ ಕೊಳ್ಳಿ.

ಪ್ರಶ್ನೆ: ಮನೆ ಸಾಲದ ಮೇಲೆ ಶೇ 9ಕ್ಕೆ ಟಾಪ್‌ಅಪ್ (ಹೆಚ್ಚುವರಿ ಸಾಲ) ಸಿಗುತ್ತದೆ. 15 ವರ್ಷದ ಅವಧಿ, ಕಂತು ಏನೇನೂ ಭಾರವಲ್ಲ.

ಉತ್ತರ: ಕಂತು 1,014. ಭಾರವಲ್ಲ, ನಿಜ. ಅದನ್ನು 180 ಸಲ ಕಟ್ಟಿ ನೋಡಿ: 1,82,500 ದಾಟುತ್ತದೆ. ಶೇ 15ರ ಮೂರು ವರ್ಷದ ಸಾಲಕ್ಕೆ ಬಡ್ಡಿ 24,800 ಆದರೆ ಶೇ 9ರ ಈ ಸಾಲಕ್ಕೆ 82,500. ಐದಾರು ವರ್ಷಕ್ಕೆ ಸವೆದುಹೋಗುವ ಟೈರಿಗೆ ಅದಾದ ಮೇಲೂ ಒಂಬತ್ತು ಹತ್ತು ವರ್ಷ ಕಂತು ಕಟ್ಟುವುದು ಎಂಥ ಲೆಕ್ಕ? ಟಾಪ್‌ಅಪ್ ತೆಗೆದುಕೊಳ್ಳಲೇಬೇಕಿದ್ದರೆ ಎರಡು ವರ್ಷದಲ್ಲಿ ತೀರುವಂತೆ ಕಂತು ಏರಿಸಿ ಕಟ್ಟಿ. ಆಗ ಮಾತ್ರ ಶೇ 9ರ ಲಾಭ ನಿಮ್ಮದು.

ಪ್ರಶ್ನೆ: ಸಾಲ ಬೇಡವೆಂದು ಈ ವರ್ಷ ಎರಡು ಟೈರ್, ಮುಂದಿನ ವರ್ಷ ಎರಡು ಹಾಕಿಸಬೇಕೆಂದಿದ್ದೇನೆ. ಈಗ 245/70 ಆರ್16 (ಅಗಲ 245 ಮಿ.ಮೀ., ಪಕ್ಕದ ಎತ್ತರ ಅದರ ಶೇ 70, ರಿಮ್ 16 ಇಂಚು) ಇದೆ, 265/75 ಆರ್16ಕ್ಕೆ ಹೋಗುವ ಯೋಚನೆ.

ಉತ್ತರ: ಕಂತುಕಂತಾಗಿ ಕೊಳ್ಳಬಾರದ ಸಾಮಾನೆಂದರೆ ಇದೇ. ಹಳೆಯ ಟೈರಿನ ವ್ಯಾಸ 749 ಮಿ.ಮೀ., ಹೊಸದರದು 804. ಒಂದು ಸುತ್ತಿಗೆ ಹೊಸದು 171 ಮಿ.ಮೀ. ಹೆಚ್ಚು ದೂರ ಉರುಳುತ್ತದೆ. ಮುಂದೆ ಒಂದಳತೆ, ಹಿಂದೆ ಇನ್ನೊಂದಳತೆ ಇಟ್ಟು ನಾಲ್ಕು ಚಕ್ರದ ಎಳೆತಕ್ಕೆ ಹಾಕಿದರೆ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ತಿರುಚಿಕೊಳ್ಳುತ್ತವೆ. ಸಡಿಲ ಮಣ್ಣಿನಲ್ಲಿ ಚಕ್ರ ಜಾರಿ ಆ ಬಿಗಿ ಬಿಟ್ಟೀತು, ಗಟ್ಟಿ ನೆಲದಲ್ಲಿ ಬಿಡುವುದಿಲ್ಲ. ಮುರಿಯುವುದು ಚೈನ್ ಅಥವಾ ಗೇರ್, ಅದರ ಖರ್ಚು ಎರಡು ಟೈರಿನದಲ್ಲ. ಒಂದೇ ಅಳತೆಯಾದರೂ ಇದೇ ಕಥೆ: ಹೊಸ ಟೈರಿನ ಗೆರೆ 12 ಮಿ.ಮೀ. ಆಳ, ಸವೆದದ್ದು 5 ಎಂದರೆ ವ್ಯಾಸದಲ್ಲಿ 14 ಮಿ.ಮೀ. ವ್ಯತ್ಯಾಸ. ಸದಾ ನಾಲ್ಕು ಚಕ್ರಕ್ಕೂ ಎಳೆತ ಹೋಗುವ ಗಾಡಿ ಇದನ್ನೂ ಸಹಿಸುವುದಿಲ್ಲ.

ಐದಕ್ಕೂ ಹಣ ಸೇರುವವರೆಗೆ ಕಾಯಿರಿ. ಸ್ಟೆಪ್ನಿಯೂ ಅದೇ ಅಳತೆಯದಿರಲಿ, ಐದನ್ನೂ ಸರದಿಯಲ್ಲಿ ತಿರುಗಿಸುತ್ತ ಬಂದರೆ ಸವೆತ ಐದರಲ್ಲೂ ಹಂಚಿಹೋಗುತ್ತದೆ. ಆ ಅಳತೆಗೆ ಹೋದರೆ ನೆಲದಂತರ ಏರುವುದು 27 ಮಿ.ಮೀ. ಅಷ್ಟೇ, ವ್ಯಾಸದ ಹೆಚ್ಚಳದ ಅರ್ಧ. ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಶೇ 7 ವೇಗವಾಗಿ ಓಡುತ್ತಿರುತ್ತದೆ. ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗ ಟೈರು ಫೆಂಡರಿಗೋ ಚಾಸಿಗೋ ಉಜ್ಜುತ್ತದೆಯೇ ಎಂದು ಒಂದೇ ಒಂದು ಟೈರ್ ಕೂರಿಸಿ ನೋಡಲು ಅಂಗಡಿಯವರನ್ನು ಕೇಳಿ, ಕೊಳ್ಳುವ ಮೊದಲು. ಲೋಡ್ ಇಂಡೆಕ್ಸ್ ಹಳೆಯದಕ್ಕಿಂತ ಕಡಿಮೆ ಇರಬಾರದು. 112 ಎಂದಿದ್ದರೆ ಒಂದು ಟೈರ್ 1,120 ಕೆ.ಜಿ. ಹೊರುತ್ತದೆಂದು ಅರ್ಥ.

ಪ್ರಶ್ನೆ: ನೀವು ಸಾಲಕ್ಕೆ ವಿರೋಧಿಗಳೇ? ಸಾಲ ಮಾಡಿದರೇ ಒಳ್ಳೆಯದು ಎನ್ನುವ ಒಂದಾದರೂ ಕೆಲಸವಿಲ್ಲವೇ?

ಉತ್ತರ: ಇದೆ. ಒಮ್ಮೆ ಬಿಚ್ಚಿದ್ದನ್ನು ಎರಡನೇ ಸಲ ಬಿಚ್ಚಬೇಕಾಗುವ ಕೆಲಸ. ಡಿಫರೆನ್ಷಿಯಲ್ (ಅಚ್ಚಿನ ಎರಡೂ ಚಕ್ರಕ್ಕೆ ಎಳೆತ ಹಂಚುವ ಗೇರ್ ಪೆಟ್ಟಿಗೆ) ಅದಕ್ಕೆ ಒಳ್ಳೆಯ ಉದಾಹರಣೆ.

29 ಇಂಚಿನ ಟೈರಿನಿಂದ 33ಕ್ಕೆ ಹೋದವರ ಗಾಡಿ ಏರಿನಲ್ಲಿ ಉಸಿರುಗಟ್ಟುತ್ತದೆ. ಡಿಫರೆನ್ಷಿಯಲಿನ ಮೂಲ ಗೇರ್ ಅನುಪಾತ 4.10 ಇದ್ದರೆ ಹಳೆಯ ಎಳೆತ ಮರಳಲು 33ನ್ನು 29ರಿಂದ ಭಾಗಿಸಿ 4.10ರಿಂದ ಗುಣಿಸಿ: 4.67. ಮಾರುಕಟ್ಟೆಯಲ್ಲಿ ಅದರ ಆಚೀಚೆ 4.56 ಅಥವಾ 4.88 ಸಿಗುತ್ತದೆ. ಆ ಅನುಪಾತ ಕೊಡುವ ಗೇರ್ ಜೋಡಿಯಾದ ಕ್ರೌನ್, ಪಿನಿಯನ್ ಬದಲಿಸಲು ಡಿಫರೆನ್ಷಿಯಲನ್ನು ಪೂರ್ತಿ ಬಿಚ್ಚಬೇಕು. ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಸಾಧನ) ಕೂರಿಸಲೂ ಅದೇ ಬಿಚ್ಚಬೇಕು. ಬೇರಿಂಗ್, ಶಿಮ್ (ಅಂತರ ಹೊಂದಿಸುವ ತೆಳು ತಗಡು), ಪಿನಿಯನ್ ಸೀಲ್, ಕ್ರಶ್ ಸ್ಲೀವ್, ಎಣ್ಣೆ, ಹಲ್ಲುಗಳ ಹೊಂದಾಣಿಕೆಯ ಕೂಲಿ, ಇವೆಲ್ಲ ಎರಡಕ್ಕೂ ಸಮಾನ. ಮುಂದಿನ ಮತ್ತು ಹಿಂದಿನ ಅಚ್ಚಿನ ಅನುಪಾತ ಒಂದೇ ಇರಬೇಕಾದ್ದರಿಂದ ಹಿಂದಿನದು ಈ ವರ್ಷ, ಮುಂದಿನದು ಮುಂದಿನ ವರ್ಷ ಎನ್ನುವಂತೆಯೂ ಇಲ್ಲ.

ಲಾಕರಿಗೂ ಕೂಲಿಗೂ ಹಣ ಕೂಡಿದೆ, ಗೇರ್ ಸೆಟ್‌ಗೆ 30,000 ಕಡಿಮೆ ಬಿದ್ದಿದೆ ಎನ್ನೋಣ. ಆ 30,000ವನ್ನು ಶೇ 15ಕ್ಕೆ ಆರು ತಿಂಗಳ ಸಾಲ ಪಡೆದರೆ ಕಂತು 5,221, ಬಡ್ಡಿ ಒಟ್ಟು 1,326. ಕೂಲಿ ಮತ್ತು ಬೇರಿಂಗ್ ಸಾಮಾನಿನ ಖರ್ಚು 20,000 ಇದ್ದರೆ, ಅದನ್ನು ಎರಡು ಸಲ ತೆರುವುದಕ್ಕಿಂತ 1,326 ಏನೂ ಅಲ್ಲ. ಇಲ್ಲಿ ಸಾಲವೇ ಜಾಣತನ. ಅವಧಿ ಮಾತ್ರ ವರ್ಷ ದಾಟದಿರಲಿ.

ಈ ಕೆಲಸದಲ್ಲಿ ಪೂರ್ತಿ ಹಣ ಕೊಡುವ ಮೊದಲು ಒಂದು ಫೋಟೊ ಕೇಳಿ ಪಡೆಯಿರಿ. ಗೇರಿನ ಹಲ್ಲಿಗೆ ಬಣ್ಣದ ಪೇಸ್ಟ್ ಬಳಿದು ತಿರುಗಿಸಿದಾಗ, ಹಲ್ಲು ಹಲ್ಲಿಗೆ ತಾಗಿದ ಜಾಗದಲ್ಲಿ ಬಣ್ಣ ಅಳಿಸಿ ಗುರುತು ಮೂಡುತ್ತದೆ. ಆ ಗುರುತು ಹಲ್ಲಿನ ಎತ್ತರದ ನಡುವೆ ಕೂತಿರಬೇಕು. ತುದಿಗೋ ಬುಡಕ್ಕೋ ಒತ್ತಿಕೊಂಡಿದ್ದರೆ ಪಿನಿಯನ್ನಿನ ಶಿಮ್ ತಪ್ಪಿದೆ ಎಂದರ್ಥ, ಕೆಲವೇ ಸಾವಿರ ಕಿ.ಮೀ.ಯಲ್ಲಿ ಕೂಗಲು ಶುರುವಾಗುತ್ತದೆ. ಸರಿಯಾಗಿ ಮಾಡಿದ ಮೆಕ್ಯಾನಿಕ್ ಈ ಫೋಟೊ ಕೇಳಿದರೆ ಮುಖ ಗಂಟಿಕ್ಕುವುದಿಲ್ಲ. ಮೊದಲ ಓಟ 25-30 ಕಿ.ಮೀ. ನಿಧಾನಕ್ಕೆ ಓಡಿಸಿ ಪೂರ್ತಿ ತಣಿಯಲು ಬಿಡಿ, 800 ಕಿ.ಮೀ.ಗೆ ಎಣ್ಣೆ ಬದಲಿಸಿ. ಆ ಎರಡನೇ ಎಣ್ಣೆಯ ಖರ್ಚನ್ನು ಅಂದಾಜು ಪಟ್ಟಿಗೆ ಸೇರಿಸುವವರು ಕಮ್ಮಿ.

ಪ್ರಶ್ನೆ: 8,000 ಪೌಂಡಿನ ವಿಂಚ್ ಕೇಳಿದರೆ ‘ಹೇಗೂ ಸಾಲ ಮಾಡುತ್ತೀರಿ, ಕಂತಿಗೆ ಇನ್ನೊಂಚೂರು ಸೇರಿಸಿದರೆ 12,000ದ್ದೇ ಬರುತ್ತದೆ’ ಎನ್ನುತ್ತಾರೆ. ತುಂಬಿದ ಗಾಡಿಯ ತೂಕ 2,200 ಕೆ.ಜಿ.

ಉತ್ತರ: ‘ಇನ್ನೊಂಚೂರು’ ಎಂಬ ಮಾತು ಸಾಲದಲ್ಲಷ್ಟೇ ಹುಟ್ಟುತ್ತದೆ. ಎಣಿಸಿಕೊಟ್ಟ ನೋಟಿನ ಮುಂದೆ ಅದು ಬಾಯಿ ಬಿಡುವುದಿಲ್ಲ. ತುಂಬಿದ ತೂಕದ ಒಂದೂವರೆ ಪಟ್ಟು ಎಂಬುದು ಚಾಲ್ತಿಯಲ್ಲಿರುವ ಲೆಕ್ಕ: 3,300 ಕೆ.ಜಿ. 8,000 ಪೌಂಡ್ ಎಂದರೆ 3,629 ಕೆ.ಜಿ., ನಿಮಗೆ ಸಾಕು. ಹೇಳುವ ಸಾಮರ್ಥ್ಯ ಡ್ರಮ್ಮಿನ ಮೇಲಿನ ಮೊದಲ ಸುತ್ತಿನದು, ಹಗ್ಗ ಸುತ್ತಿಕೊಂಡು ಪದರ ಏರಿದಂತೆ ಎಳೆತ ಇಳಿಯುತ್ತದೆ. ಹಾಗಾಗಿ ಹತ್ತಿರದ ಮರಕ್ಕಿಂತ ದೂರದ ಮರ ಮೇಲು. ಹೆಚ್ಚಿನ ಎಳೆತ ಬೇಕಾದಾಗ ಮರಕ್ಕೆ ಒಂದು ಸ್ನ್ಯಾಚ್ ಬ್ಲಾಕ್ (ರಾಟೆ) ಹಾಕಿ ಹಗ್ಗವನ್ನು ಗಾಡಿಗೇ ಮರಳಿ ತಂದರೆ ಎಳೆತ ಸುಮಾರು ಇಮ್ಮಡಿ, ವೇಗ ಅರ್ಧ. ಉಳಿದ ಹಣವನ್ನು ಬ್ಯಾಟರಿಗೆ ಇಡಿ: ಪೂರ್ತಿ ಭಾರಕ್ಕೆ ವಿಂಚ್ 400 ಆಂಪಿಯರ್‌ನಷ್ಟು ಎಳೆಯುತ್ತದೆ, ಹಳೆಯ ಬ್ಯಾಟರಿ ಕೆಸರಿನ ನಡುವೆಯೇ ಕೈಕೊಡುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಏನೇನು ಕೊಳ್ಳಬಹುದು?

ಉತ್ತರ: ಉಕ್ಕಿನದ್ದು ಕೊಳ್ಳಿ, ನೂಲಿನದ್ದೂ ರಬ್ಬರಿನದ್ದೂ ಬೇಡ. ಬಂಪರ್, ತಳದ ಗಾರ್ಡ್, ರೂಫ್ ಕ್ಯಾರಿಯರ್‌ಗಳಲ್ಲಿ ವೆಲ್ಡಿಂಗ್ ಬಿರುಕು ನೋಡಿದರೆ ಸಾಕು. ರಿಮ್ ಆದರೆ ಬೋಲ್ಟ್ ವೃತ್ತದ ಅಳತೆ, ನಡುವಿನ ತೂತು, ಆಫ್‌ಸೆಟ್ (ರಿಮ್ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆ ಎಂಬ ಅಳತೆ) ಮೂರೂ ನಿಮ್ಮ ಗಾಡಿಗೆ ಹೊಂದಬೇಕು, ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಒಮ್ಮೆ ತಿರುಗಿಸಿ ನೋಡಬೇಕು. ವಿಂಚ್ ಆದರೆ ಏರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಎಳೆಸಿ, ಅರ್ಧಕ್ಕೆ ಗುಂಡಿ ಬಿಡಿ. ಗಾಡಿ ಇಂಚಿಂಚಾಗಿ ಹಿಂದೆ ಜಾರಿದರೆ ವಿಂಚಿನ ಬ್ರೇಕ್ ಹೋಗಿದೆ. ಆ ಹೊತ್ತಿನಲ್ಲಿ ಸ್ಟಿಯರಿಂಗಿನಲ್ಲಿ ಒಬ್ಬರು ಬ್ರೇಕಿಗೆ ಸಿದ್ಧರಿರಲಿ, ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು.

ಎಳೆಯುವ ಪಟ್ಟಿ, ಕೈನೆಟಿಕ್ ರೋಪ್ (ಹಿಗ್ಗಿ ಎಳೆಯುವ ಹಗ್ಗ), ಬಟ್ಟೆಯ ಶ್ಯಾಕಲ್‌ಗಳನ್ನು ಹೊಸದಾಗಿಯೇ ಕೊಳ್ಳಿ. ಬಿಸಿಲಿಗೂ ಒಳಗೆ ಸೇರಿದ ಮರಳಿಗೂ ಅವುಗಳ ನೂಲು ಒಳಗಿಂದಲೇ ಸತ್ತಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಕಬ್ಬಿಣದ ಶ್ಯಾಕಲ್ ಮೇಲೆ ಸಾಮರ್ಥ್ಯದ ಅಂಕಿ, 3.25 ಟನ್ ಅಥವಾ 4.75 ಟನ್, ಎದ್ದುಕಾಣುವಂತೆ ಮೂಡಿರದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಗೆರೆ ಎಷ್ಟೇ ಆಳವಿರಲಿ, ಮೊದಲು ಈ ಅಂಕಿ ಓದಿ.

ಪ್ರಶ್ನೆ: ಆಗಲೇ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡುಬಿಟ್ಟಿದ್ದೇನೆ. ತಿಂಗಳಿಗೆ ಶೇ 3 ಬಡ್ಡಿ, ಶೇ 5ರ ಕನಿಷ್ಠ ಮೊತ್ತ ಕಟ್ಟುತ್ತಿದ್ದೇನೆ.

ಉತ್ತರ: ಒಂದು ವರ್ಷ ಹಾಗೇ ಕಟ್ಟಿದರೂ ಬಾಕಿಯಲ್ಲಿ ಶೇ 77 ಉಳಿದೇ ಇರುತ್ತದೆ. ತಿಂಗಳಿಗೆ ಶೇ 3 ಎಂದರೆ ಚಕ್ರಬಡ್ಡಿ ಸೇರಿ ವರ್ಷಕ್ಕೆ ಶೇ 42 ದಾಟುತ್ತದೆ. ಇವತ್ತೇ ಶೇ 15ರ ಒಂದು ವರ್ಷದ ಸಾಲ ತೆಗೆದು ಕಾರ್ಡನ್ನು ಪೂರ್ತಿ ತೀರಿಸಿ: 1,00,000ಕ್ಕೆ ಕಂತು 9,026, ಬಡ್ಡಿ ಒಟ್ಟು 8,310. ಅಷ್ಟು ಕಂತು ಹೊರಲಾಗದಿದ್ದರೆ ಪೆಟ್ಟಿಗೆ ಒಡೆಯದ ಸಾಮಾನನ್ನು ಹಿಂದಿರುಗಿಸಲು ನೋಡಿ.

ಪ್ರಶ್ನೆ: ಗಾಡಿಯ ಮೇಲಿನ ಮೂಲ ಸಾಲವೇ ಇನ್ನೂ ಮೂರು ವರ್ಷ ಇದೆ. ಮಾರ್ಪಾಡು ಮಾಡಿದರೆ ಗಾಡಿಯ ಬೆಲೆ ಏರುತ್ತದಲ್ಲ?

ಉತ್ತರ: ನಿಮ್ಮ ಕಣ್ಣಿಗೆ ಏರುತ್ತದೆ. ಮೂಲ ಸ್ಥಿತಿಯ ಗಾಡಿ ಹುಡುಕುವವರೇ ಹೆಚ್ಚು, ಹಾಕಿದ ಹಣ ಮರುಮಾರಾಟದಲ್ಲಿ ಪೂರ್ತಿ ಹಿಂದೆ ಬರುವುದಿಲ್ಲ. ಅದಕ್ಕೇ ಬಿಚ್ಚಿದ ಸ್ಪ್ರಿಂಗ್, ಶಾಕ್, ಬಂಪರ್‌ಗಳನ್ನು ಗುಜರಿಗೆ ಹಾಕಬೇಡಿ. ಮಾರುವಾಗ ಅವನ್ನೇ ಮರಳಿ ಕೂರಿಸಿ, ಹೊಸ ಸಾಮಾನನ್ನು ಬಿಡಿಯಾಗಿ ಮಾರಿದರೆ ಹೆಚ್ಚು ಸಿಗುತ್ತದೆ. ಮಾರ್ಪಾಡನ್ನು ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿದ ದಾಖಲೆ ಪಡೆಯಿರಿ. ತಿಳಿಸದಿದ್ದರೆ ಅಪಘಾತವಾದಾಗ ವಿಂಚಿನ ಹಣ ಮಾತ್ರವಲ್ಲ, ಇಡೀ ಕ್ಲೇಮಿಗೇ ತಕರಾರು ಬರಬಹುದು, ಆಗ ಗಾಡಿ ಇಲ್ಲದೆ ಎರಡು ಸಾಲದ ಕಂತು. ಲಿಫ್ಟ್, ಬಂಪರ್, ದೊಡ್ಡ ಟೈರ್‌ಗಳ ಬಗ್ಗೆ ನೋಂದಣಿಯ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ, ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಕೂಲಿ ಉಳಿಸಲು ಮನೆಯಲ್ಲೇ ಏನು ಮಾಡಬಹುದು?

ಉತ್ತರ: ಸ್ಪ್ರಿಂಗ್ ಬೇಡ. ಒತ್ತಿ ಹಿಡಿದ ಕಾಯಿಲ್ ಸ್ಪ್ರಿಂಗ್ ತಪ್ಪಿಸಿಕೊಂಡರೆ ಜೀವಕ್ಕೇ ಸಂಚಕಾರ. ಮಾಡಬಹುದಾದದ್ದು ಡಿಫರೆನ್ಷಿಯಲ್ ಬ್ರೀದರ್ (ಒಳಗಿನ ಗಾಳಿ ಬಂದುಹೋಗುವ ದಾರಿ) ಪೈಪ್ ಎತ್ತರಿಸುವ ಕೆಲಸ. ಎರಡು ಅಚ್ಚು, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ನಾಲ್ಕರಿಂದಲೂ ಎಣ್ಣೆಗೆ ಜಗ್ಗದ ಪೈಪ್ ಎಳೆದು, ಬಾನೆಟ್ ಒಳಗೆ ಎತ್ತರದಲ್ಲಿ ಒಂದು ಸಣ್ಣ ಫಿಲ್ಟರಿಗೆ ಸೇರಿಸುವುದು. ಅಚ್ಚು ಮೇಲೆ ಕೆಳಗೆ ಆಡುವಷ್ಟು ಪೈಪಿಗೆ ಸಡಿಲ ಬಿಡಿ, ಸೈಲೆನ್ಸರಿನಿಂದ ದೂರವಿಡಿ. ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆಯ ಹೊಳೆ ನೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸೀಲಿನಿಂದಲೋ ನೀರನ್ನು ಹೀರಿಕೊಳ್ಳುತ್ತದೆ. ಸ್ನಾರ್ಕಲ್‌ಗೆ (ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಕೊಳವೆ) ಸಾಲ ಕೇಳುವವರ ಗಾಡಿಯಲ್ಲಿ ಎಷ್ಟೋ ಸಲ ಈ ಅಗ್ಗದ ಪೈಪೇ ಇರುವುದಿಲ್ಲ. ಕೆಲಸ ಶುರುಮಾಡುವ ಮೊದಲು ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿ ಬೆರಳಿಟ್ಟು ನೋಡಿ. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಆಗಲೇ ಒಳಗಿದೆ, ಈ ತಿಂಗಳ ಉಳಿತಾಯ ಎಣ್ಣೆಗೂ ಸೀಲಿಗೂ ಹೋಗಲಿ.